ನಾಲ್ಕು ಪೆಟ್ಟಿಗೆ ಎರಡಾದ ವರ್ಷ

ಮೊನ್ನೆ ತರೀಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ತೆಂಗಿನ ನಾರು ಸುಡುತ್ತಿದ್ದ ವಾಸನೆ ಬಂತು. ಪಂಚನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ಕಣ್ಣೆದುರು ನಿಂತರು. ಜೇನುಪೆಟ್ಟಿಗೆ ತೆರೆಯುವ ಮುನ್ನ ಅವರು ಹಾಕುತ್ತಿದ್ದುದು ಅದೇ ಹೊಗೆ...

ಆ ವರ್ಷ ನಮ್ಮೂರಿನ ಹೆಂಗಸರಲ್ಲಿ ನನಗೊಬ್ಬಳಿಗೇ ತೋಟಗಾರಿಕೆ ಇಲಾಖೆಯಿಂದ ನಾಲ್ಕು ಜೇನುಪೆಟ್ಟಿಗೆ ಸಿಕ್ಕಿದ್ದವು. ತೋಟದಲ್ಲಿ ಸಾಲಾಗಿ ಇಟ್ಟು ಬೀಗಿದ್ದೆ. ಆದರೆ ಜೇನುತುಪ್ಪ ಮಾತ್ರ ಬೆರಳಿಗೆ ಅಂಟುವಷ್ಟೂ ಇಲ್ಲ. ಹೊಂಗೆ ಹೂವು ಮುಗಿಯುವುದರೊಳಗೆ ಜೇನು ಬರದಿದ್ದರೆ ಪೆಟ್ಟಿಗೆಗಳನ್ನು ಬೇರೆ ಊರಿಗೆ ಒಯ್ಯುವುದಾಗಿ ಕೊಟ್ಟವರು ಹೇಳಿಹೋದರು. ‘ಇವಳ ಕೈಲಿ ಆಗೋದಲ್ಲ’ ಎನ್ನುವ ಮಾತು ಮನೆಯಲ್ಲೂ ಶುರುವಾಗಿತ್ತು.

ದೊಡ್ಡಮ್ಮನ ಹಿತ್ತಲಲ್ಲಿ ಇದ್ದುದು ಒಂದೇ ಪೆಟ್ಟಿಗೆ. ವರ್ಷವೂ ತುಪ್ಪ ಬರುತ್ತಿತ್ತು. ಅವರನ್ನೇ ಕರೆದೆ. ಒಂದೊಂದನ್ನೂ ತೆರೆದು ನೋಡಿದರು.

“ನಾಲ್ಕಿದ್ರೂ ಒಂದ್ರಲ್ಲೂ ತುಂಬಿದ ಸಂಸಾರ ಇಲ್ಲ ಕಣೇ. ಮರಿ ಸಾಕೋಕೇ ಜನ ಸಾಲ್ದಿದ್ರೆ ಹೂವಿಗೆ ಹೋಗೋರ್ಯಾರು? ಎರಡೆರಡು ಸೇರಿಸ್ಬಿಡು.”

ಒಂದು ಗೂಡಿಗೆ ಒಂದೇ ರಾಣಿ. ಸೇರಿಸಬೇಕೆಂದರೆ ಎರಡು ರಾಣಿಗಳನ್ನು ಕೊಲ್ಲಬೇಕು. ನನಗೆ ಕೈ ಬರಲಿಲ್ಲ. ಎರಡು ದಿನ ಮುಂದೂಡಿ, ಕೊನೆಗೆ ನಾನೇ ಹಿಡಿದು ತೆಗೆದೆ... ದೊಡ್ಡಮ್ಮ ಪಕ್ಕದಲ್ಲಿ ನಿಂತು ಹೊಗೆ ಹಾಕುತ್ತಿದ್ದರು. ಸಂಜೆ, ರಾಣಿಯಿದ್ದ ಒಂದೊಂದು ಪೆಟ್ಟಿಗೆಯ ಮುಚ್ಚಳ ತೆಗೆದು ಪೇಪರಿನ ಹಾಳೆ ಹಾಸಿ, ಸೂಜಿಯಿಂದ ಚುಚ್ಚಿ, ರಾಣಿಯಿಲ್ಲದ್ದನ್ನು ತಳ ಬಿಚ್ಚಿ ಮೇಲೆ ಕೂರಿಸಿದೆವು. ಹುಳುಗಳು ಕಾಗದ ಕಡಿದು ದಾರಿ ಮಾಡಿಕೊಳ್ಳುವಷ್ಟರಲ್ಲಿ ಒಂದರ ವಾಸನೆ ಇನ್ನೊಂದಕ್ಕೆ ಒಗ್ಗುತ್ತದೆ, ಕಚ್ಚಾಡುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಪೆಟ್ಟಿಗೆಯ ಬಾಗಿಲಲ್ಲಿ ಬರೀ ಕಾಗದದ ಪುಡಿ ಬಿದ್ದಿತ್ತು. ಸತ್ತ ಹುಳು ಒಂದೂ ಇರಲಿಲ್ಲ.

“ಇದ್ದ ನಾಲ್ಕನ್ನ ಎರಡು ಮಾಡ್ಕೊಂಡ್ಳು,” ಎಂದು ಊರು ನಕ್ಕಿತು.

ಹೊಂಗೆ ಅರಳಿತು, ನಗು ನಿಂತಿತು. ಬಾಗಿಲಲ್ಲಿ ಹುಳುಗಳ ನೂಕುನುಗ್ಗಲು. ಒಳಗಿನ ಮೇಣದ ಎರಿಗಳು ತುಪ್ಪ ತುಂಬಿ ಭಾರವಾದವು. ಮನೆಯಲ್ಲಿದ್ದ ಕ್ಯಾನು, ಬಾಟಲಿ ಎಲ್ಲ ತುಂಬಿ, ಕೊನೆಗೆ ನೀರಿನ ಕೊಡವನ್ನೂ ಒರೆಸಿ ಅದಕ್ಕೂ ಸುರಿದೆವು. ಪೆಟ್ಟಿಗೆ ಒಯ್ಯಲು ಬಂದವರು ರುಚಿ ನೋಡಿ, ಕಡೂರಿನ ತರಬೇತಿಗೆ ಬಂದು ಹೇಳಿಕೊಡಿ ಎಂದು ದೊಡ್ಡಮ್ಮನನ್ನು ಕೇಳಿದರು.

“ಹೇಳ್ಕೊಡೋಳು ಇವ್ಳು ಕಣಪ್ಪಾ. ರಾಣಿ ತೆಗ್ದಿದ್ದು ಇವ್ಳ ಕೈ,” ಎಂದು ಅವರು ನನ್ನನ್ನು ಮುಂದೆ ತಳ್ಳಿದರು.

ಊರೂರಿಗೆ ಹೋಗಿ ಹೇಳಿಕೊಡುವ ಆ ಓಡಾಟ ಇನ್ನೂ ನಿಂತಿಲ್ಲ. ದೊಡ್ಡಮ್ಮ ತೀರಿಹೋಗಿ ಮೂರು ವರ್ಷವಾಯಿತು. ಹೋದ ವಾರ ಬುಕ್ಕಾಂಬುಧಿಯಲ್ಲಿ ಪಾಠ ಮುಗಿದ ಮೇಲೆ ಒಬ್ಬಾಕೆ, “ಇದನ್ನ ನಿಮಗ್ಯಾರು ಕಲ್ಸಿದ್ದು, ಅಕ್ಕಾ?” ಎಂದಳು. ಹೇಳಿದೆ.

“ಅವ್ರನ್ನ ಒಂದ್ಸಲ ನೋಡ್ಬೇಕಲ್ಲ.”

“ನಂಗೂ ನೋಡ್ಬೇಕು ಕಣಮ್ಮಾ,” ಅಂದೆ.