ಬಾಳೆಹಣ್ಣು, ಬೀಗ, ಕುದುರೆ

ಅತ್ತೆಯವರ ಮರೆವು ಮೊದಲು ತಿಳಿದದ್ದು ಉಪ್ಪಿನಿಂದ. ಬೇಳೆ ಬೇಯುವಾಗ ಒಮ್ಮೆ ಹಾಕುವರು, ಒಗ್ಗರಣೆ ಕೊಡುವಾಗ ಮತ್ತೊಮ್ಮೆ. ಆಮೇಲೆ ರವಿಕೆಯ ಹುಕ್ಕುಗಳು ಒಂದೊಂದಾಗಿ ಜಾಗ ತಪ್ಪಿದವು. ಒಂದು ಮಧ್ಯಾಹ್ನ ತವರಿಗೆಂದು ಸತ್ತೇಗಾಲದ ಬಸ್ಸು ಹತ್ತಿಯೇಬಿಟ್ಟರು. ತವರಿನಲ್ಲಿ ಅವರ ಕಡೆಯವರು ಯಾರೂ ಉಳಿದಿರಲಿಲ್ಲ. ಕಂಡಕ್ಟರ್ ಪರಿಚಯದವನಾದ್ದರಿಂದ ಅದೇ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ವಾಪಸ್ ತಂದುಬಿಟ್ಟ.

ಮೈಸೂರಿಗೆ ಕರೆದೊಯ್ದು ಒಳ್ಳೆಯ ಡಾಕ್ಟರಿಗೆ ತೋರಿಸೋಣ ಎಂದು ನಾನೆಂದರೆ ನಮ್ಮ ಯಜಮಾನರು, "ವಯಸ್ಸಾಯ್ತಲ್ಲ ಕಣೆ, ಅವ್ವಂಗೇನಾಗದೆ?" ಎಂದು ಚಪ್ಪಲಿ ಮೆಟ್ಟಿ ಸೀರೆ ಅಂಗಡಿಗೆ ಹೊರಡುವರು. ಅವರು ಅವ್ವನನ್ನು ಕಾಣುತ್ತಿದ್ದದ್ದು ಊಟದ ಹೊತ್ತಿನಲ್ಲಿ ಮಾತ್ರ. ಉಪ್ಪು ಹೆಚ್ಚಾದ ದಿನ ನೋಡುತ್ತಿದ್ದದ್ದು ನನ್ನ ಮುಖವನ್ನು.

ಎರಡು ಸಾವಿರದ ಇಸವಿ ಕಳೆದಿತ್ತು. ಆಗ ನಮ್ಮ ಬೀದಿಗೆ ಮುದುಕರ ಮರೆವನ್ನು ಅಳೆಯುವವರು ಬಂದರು. ದೊಡ್ಡ ಆಸ್ಪತ್ರೆಯೊಂದರ ಸಂಶೋಧನೆಯಂತೆ. ಪ್ರಶ್ನೆ ಕೇಳಲು ಬಂದ ಹುಡುಗಿ ಅಂಚು ಮುದುಡದಂತೆ ಸೆರಗಿಗೆ ಪಿನ್ನು ಹಾಕಿದ್ದಳು, ಪೆನ್ಸಿಲನ್ನು ಬರೆಯುವ ರಟ್ಟಿಗೆ ದಾರದಲ್ಲಿ ಕಟ್ಟಿದ್ದಳು. ಎಲ್ಲ ಊರುಗಳಲ್ಲೂ ಅವೇ ಪ್ರಶ್ನೆಗಳು, ಅದೇ ಕ್ರಮ. ಒಂದು ಮಾತು ಆಚೀಚೆಯಾದರೂ ಈ ಊರಿನ ಮರೆವನ್ನು ಆ ಊರಿನ ಮರೆವಿನ ಜೊತೆ ತೂಗಲಾಗದು ಎಂದು ವಿವರಿಸಿದಳು. ಅಂಕ ಕಡಿಮೆ ಬಂದವರನ್ನು ಆಸ್ಪತ್ರೆಯ ವ್ಯಾನಿನಲ್ಲಿ ಮೈಸೂರಿಗೆ ಕರೆದೊಯ್ದು ದೊಡ್ಡ ಡಾಕ್ಟರು ಪರೀಕ್ಷಿಸುತ್ತಾರಂತೆ. ನನಗೆ ಹೋದ ಜೀವ ಬಂದಂತಾಯಿತು.

ಆದರೆ ಹುಡುಗಿ ಮೊದಲು ಹೊಕ್ಕದ್ದು ಎದುರುಮನೆಯ ರಿಟೈರ್ಡ್ ಮೇಷ್ಟ್ರ ಮನೆಯನ್ನು. ಆಯುಸ್ಸೆಲ್ಲ ಮಕ್ಕಳನ್ನು ಪಾಸು ಮಾಡಿಸಿದ ಕೈ ಅವರದು. ಅವಳು ಹೊರಟದ್ದೇ ತಡ, ಬೀದಿಯ ಮುದುಕ ಮುದುಕಿಯರನ್ನೆಲ್ಲ ಜಗಲಿಗೆ ಕೂಡಿಸಿದರು.

"ಪ್ರಶ್ನೆ ಎಲ್ಲಾ ನನಗೆ ಬಾಯಿಪಾಠ ಆಗಿದೆ. ನಮ್ಮ ಬೀದೀಲಿ ಒಬ್ಬರೂ ಫೇಲಾಗಕೂಡದು. ಮೂರು ಪದ ಹೇಳ್ತಾಳೆ, ಆಮೇಲೆ ಮತ್ತೆ ಕೇಳ್ತಾಳೆ. ಹೇಳಿ, ಬಾಳೆಹಣ್ಣು!"

"ಬಾಳೆಅಣ್ಣು!" ಎಂದಿತು ಜಗಲಿ.

"ಬೀಗ! ಕುದುರೆ!"

ಅತ್ತೆಯವರೂ ಅಕ್ಕಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ರಾಗವಾಗಿ ಕಲಿತರು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಅರ್ಥ ತಿಳಿಯದ ಪ್ರಾರ್ಥನೆಗಳನ್ನು ನಮ್ಮಿಂದ ಹೀಗೆಯೇ ಹೇಳಿಸುತ್ತಿದ್ದರು. ಅವು ನನಗಿನ್ನೂ ಮರೆತಿಲ್ಲ. ಆದ್ದರಿಂದಲೇ ಅತ್ತೆಯವರೂ ಪಾಸಾಗಿಬಿಟ್ಟಾರೆಂದು ಹೆದರಿಕೆಯಾಯಿತು.

ಹೆದರಿದಂತೆಯೇ ಆಯಿತು. ಹುಡುಗಿ ನಮ್ಮ ನಡುಮನೆಯಲ್ಲಿ ಕೂತು ರಟ್ಟು ತೆಗೆಯುವುದರೊಳಗೆ ಅತ್ತೆಯವರು, "ಬಾಳೆಅಣ್ಣು, ಬೀಗ, ಕುದ್ರೆ" ಎಂದರು. ಕೇಳಿದ ಮೇಲೂ ಅದನ್ನೇ ಹೇಳಿದರು. ಅವರು ಎಡವಿದ್ದು ಒಂದೇ ಕಡೆ.

"ಅಜ್ಜಿ, ಈಗ ನಾವು ಯಾವ ಮಹಡಿಯಲ್ಲಿದ್ದೇವೆ?"

ನಮ್ಮದು ಹೆಂಚಿನ ಮನೆ. ಅತ್ತೆಯವರು ತಲೆಯೆತ್ತಿ ನೋಡಿ, "ಮಾಡಿ ಎಲ್ಲದವ್ವ? ಅಟ್ಟ ಅದೆ. ಉಣ್ಸೆಅಣ್ಣು ಮಡಗಿವ್ನಿ. ಬೇಕಾ?" ಎಂದರು.

ಹುಡುಗಿ ನಕ್ಕಳು, ಪೆನ್ಸಿಲು ನಗಲಿಲ್ಲ, ಸೊನ್ನೆ ಹಾಕಿತು. ಆದರೂ ಅತ್ತೆ ಪಾಸು.

"ನಾನೊಂದೆರಡು ಮಾತು ಹೇಳಲೇ?" ಎಂದು ಬಾಗಿಲ ಬಳಿಯಿಂದ ಕೇಳಿದೆ.

"ರಕ್ತಸಂಬಂಧಿ ಇದ್ದರೆ ಅವರನ್ನೇ ಕೇಳಬೇಕು ಅಂತಿದೆ ಮೇಡಂ. ಎಲ್ಲ ಊರಲ್ಲೂ ಹಾಗೇ."

ರಕ್ತಸಂಬಂಧಿಯನ್ನು ಅಂಗಡಿಯಿಂದ ಕರೆಸಲಾಯಿತು. ಅವರು ನಿಂತಲ್ಲೇ, "ಏನೂ ಮರೆವಿಲ್ಲ" ಎಂದು ಹೇಳಿ ಹೋದರು. ಅಂದಿನಿಂದ ನಾನು ಮೈಸೂರಿನ ಮಾತೆತ್ತಿದರೆ, "ಪಾಸಾಗವ್ಳೆ ಕಣೆ ಅವ್ವ" ಎಂಬ ಒಂದೇ ಉತ್ತರ. ಅತ್ತ ಅವ್ವ ಹಾಲಿನ ಪಾತ್ರೆಯನ್ನು ಬಟ್ಟೆಯ ಬೀರುವಿನಲ್ಲಿಟ್ಟು, ಬೆಕ್ಕು ಕುಡಿಯಿತೆಂದು ಬೆಕ್ಕನ್ನು ಬೈಯುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಆ ಹುಡುಗಿ ಮತ್ತೆ ಬಂದಳು. ಎರಡನೆಯ ಸಲ ಬೇರೆ ಪದಗಳನ್ನು ಕೇಳಬೇಕೆಂಬುದು ಅವರ ನಿಯಮದಲ್ಲೇ ಇತ್ತು. ಮೇಷ್ಟ್ರ ಪಾಠದಲ್ಲಿ ಇರಲಿಲ್ಲ.

"ಕೊಡೆ, ಮೀನು, ಚಕ್ರ. ಎಲ್ಲಿ, ಹೇಳಿ."

"ಬಾಳೆಅಣ್ಣು, ಬೀಗ, ಕುದ್ರೆ" ಎಂದಿತು ನಮ್ಮ ಮನೆ. ಪಕ್ಕದ ಮನೆಯೂ ಅದನ್ನೇ ಹೇಳಿತು. ಬೀದಿಗೆ ಬೀದಿಯೇ ಫೇಲು. ಮೇಷ್ಟ್ರೂ ಫೇಲು.

"ಆ ಹುಡುಗಿ ತಪ್ಪು ಹೇಳಿದಳಮ್ಮ. ಪಾಪ, ನೋಯಿಸಬಾರದು ಅಂತ ನಾನು ಸರಿಯಾದ್ದನ್ನೇ ಹೇಳಿ ತಿದ್ದಿದೆ," ಎಂದು ಅವರು ನನಗೆ ಹೇಳಿದರು. "ಅದೂ ಅಲ್ಲದೆ ನಮ್ಮಂಥೋರ ಬಾಯಲ್ಲಿ ಮೀನು ಅನ್ನಿಸೋದಾ?"

ನಮ್ಮ ಯಜಮಾನರ ಮುಖ ಮಾತ್ರ ಸಣ್ಣದಾಗಿತ್ತು. "ಮಾರ್ಕು ಬಾಳ ಕಮ್ಮಿ ಬಂದದಂತಲ್ಲೆ. ಅವ್ವನ್ನ ಕರ್ಕಂಡೋಗವ" ಎಂದರು. ಹಾಲಿನ ಪಾತ್ರೆ ಹೇಳಲಾಗದ್ದನ್ನು ಸೊನ್ನೆ ಹೇಳಿತ್ತು.

ವ್ಯಾನು ತುಂಬಿ ಮೈಸೂರಿಗೆ ಹೊರಟಿತು. ಮರೆವಿನ ರೋಗಿಗಳೆಲ್ಲ ಪುಳಿಯೋಗರೆ, ನೀರು, ಎಲೆಅಡಿಕೆ, ಹಾಸಲು ಜಮಖಾನ, ಒಂದನ್ನೂ ಮರೆಯದೆ ತಂದಿದ್ದರು. ಡಾಕ್ಟರು ಮೇಷ್ಟ್ರನ್ನೂ ಉಳಿದವರನ್ನೂ ಬೇಗ ಬೇಗನೆ ನಗುತ್ತಾ ಕಳಿಸಿದರು. ಅತ್ತೆಯವರನ್ನು ಮಾತ್ರ ಕೂರಿಸಿಕೊಂಡರು. ತುಂಬಾ ಹೊತ್ತು ಮಾತಾಡಿಸಿ, ಅಚ್ಚು ಹಾಕಿದ ಕಾಗದವನ್ನು ಬದಿಗೆ ಸರಿಸಿ, "ಮನೇಲಿ ಇವರ ಜೊತೆ ಇರೋರು ಯಾರು?" ಎಂದರು.

ನಮ್ಮ ಯಜಮಾನರು ನನ್ನತ್ತ ನೋಡಿದರು. ನಾನು ಉಪ್ಪಿನಿಂದ ಶುರು ಮಾಡಿದೆ. ಹುಕ್ಕು, ಬಸ್ಸು, ಬೆಕ್ಕು, ಎಲ್ಲ ಹೇಳಿದೆ. ಡಾಕ್ಟರು ಕಾಗದದ ಹಿಂಬದಿಯಲ್ಲಿ ಬರೆದುಕೊಂಡರು. ಮುಂಬದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಾಯಿಲೆಗೆ ಒಂದು ಹೆಸರು ಹೇಳಿದರು, ಮಾತ್ರೆ ಬರೆದರು. ವಾಸಿಯಾಗದು, ಆದರೆ ಬೈಯದೆ ನೋಡಿಕೊಂಡರೆ ನೆಮ್ಮದಿಯಾಗಿರುತ್ತಾರೆ ಎಂದರು. ಯಜಮಾನರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಹಿಂದಿರುಗುವಾಗ ಅತ್ತೆಯವರು ವ್ಯಾನಿನಲ್ಲಿ ನನ್ನ ಪಕ್ಕ ಕೂತು ಪುಳಿಯೋಗರೆಯ ಕಡಲೆಕಾಯಿ ಬೀಜಗಳನ್ನು ಆರಿಸಿ ಆರಿಸಿ ನನ್ನ ಅಂಗೈಗೆ ಹಾಕುತ್ತಿದ್ದರು.

"ನೀನ್ಯಾಕವ್ವ ಬಂದಿದ್ದೆ?" ಎಂದರು.

"ನಮ್ಮತ್ತೇನ ತೋರಿಸೋಕೆ ಬಂದಿದ್ದೆ."

"ಪಾಸಾದ್ರಾ?"

"ಇಲ್ಲ. ಫೇಲಾದ್ರು."

"ಅಯ್ಯೋ ಪಾಪ," ಎಂದು ನನ್ನ ಕಿವಿಯ ಹತ್ತಿರ ಬಗ್ಗಿದರು. "ನಾನು ಏಳ್ಕೊಡ್ತೀನಿ, ಕಲ್ತ್ಕಂಡು ಓಗಿ ನಿಮ್ಮತ್ತೆಗೆ ಏಳು. ಬಾಳೆಅಣ್ಣು..."

"ಬಾಳೆಹಣ್ಣು" ಎಂದೆ.