ನೇರಳೆ ಸಸಿಗೆ ಮಂಡಕ್ಕಿ ಭಟ್ಟಿಯ ನೀರು

ಗೆಳೆಯರೇ, ಆನೆಕೊಂಡದ ಹಳ್ಳದ ದಂಡೆಯ ಉದ್ಯಾನದಲ್ಲಿ ನಾವೆಲ್ಲ ಸೇರಿ ನೆಟ್ಟ ಹನ್ನೆರಡು ನೇರಳೆ ಸಸಿಗಳೂ ಇವತ್ತು ಬೆಳಿಗ್ಗೆ ಜೋತು ಬಿದ್ದಿದ್ದವು. ಹರಿಹರದಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸಸಿಗಳು. ಮಳೆಗಾಲದೊಳಗೆ ಬೇರು ಬಿಡದಿದ್ದರೆ ಹೋದ ವರ್ಷದಂತೆ ದಂಡೆ ಕುಸಿದು ಉದ್ಯಾನವೇ ಹಳ್ಳದ ಪಾಲು.

ಬುಡದ ಮಣ್ಣು ಒದ್ದೆಯಾಗಿತ್ತು, ಅಂಚಿನಲ್ಲಿ ಬೆಳ್ಳಗೆ ಏನೋ ಪೊರೆ ಕಟ್ಟಿತ್ತು. ಬೆರಳಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಉಪ್ಪು!

ಈ ವಾರ ನೀರು ಹಾಕುವ ಪಾಳಿ ಪಕ್ಕದ ಮಂಡಕ್ಕಿ ಭಟ್ಟಿಯ ಚನ್ನಬಸಪ್ಪನವರದು. ಓಡಿ ಹೋಗಿ ಕೇಳಿದೆ.

“ಯಾವ ನೀರು ಹಾಕಿದ್ರಿ?”

“ಭಟ್ಟೀದೇ ರೀ. ಮಂಡಕ್ಕಿ ಅಕ್ಕಿಗೆ ಬೆರೆಸೋ ಉಪ್ಪುನೀರಾಗೇ ಉಳಿಸಿದ್ದು. ತೆಂಗಿನ ಬುಡಕ್ಕೆ ಉಪ್ಪು ಹಾಕ್ತಾರಲ್ರಿ, ಇದಕ್ಕೂ ಒಳ್ಳೇದು ಅಂತ ದಿನಾ ಎರಡು ಡಬ್ಬ ಹಾಕೀನಿ.”

“ತೆಂಗೂ ನೇರಳೇನೂ ಒಂದೇ ಏನ್ರಿ!”

“ಆಮ್ಯಾಲೆ ಎಷ್ಟಾದ್ರೂ ಬೈರಿ. ಈಗ ಹೆಂಗೆ ಉಳಿಸೋದು ಹೇಳ್ರಿ” ಎಂದವರೇ ಭಟ್ಟಿ ಆರಿಸಿ, ಕೊಡ ಹಿಡಿದು ಬಾವಿಗೆ ನಡೆದರು.

ಮಧ್ಯಾಹ್ನದವರೆಗೆ ನಾವಿಬ್ಬರೇ ಸಿಹಿನೀರು ಹೊತ್ತು ಉಪ್ಪು ತೊಳೆದಿದ್ದೇವೆ. ಒಂದು ಎಲೆಯೂ ತಲೆಯೆತ್ತಿಲ್ಲ. ವಾಚನಾಲಯದ ಹಲಗೆಯ ಮೇಲೆ ಇದನ್ನು ಓದಿದವರು ಗಿರಣಿಯ ಸಂಜೆ ಸೈರನ್ ಆದ ಕೂಡಲೇ ಒಂದೊಂದು ಕೊಡ ಹಿಡಿದು ಬನ್ನಿ.

ಬಂದವರಿಗೆಲ್ಲ ಮಂಡಕ್ಕಿ ತಮ್ಮದೇ ಅಂದಿದ್ದಾರೆ ಚನ್ನಬಸಪ್ಪನವರು. ಈ ವಾರವೆಲ್ಲ ಅವರ ಮಂಡಕ್ಕಿ ಯಾಕಿಷ್ಟು ಸಪ್ಪೆ ಎಂದು ಮನೆಯಲ್ಲಿ ಗೊಣಗುತ್ತಲೇ ತಿಂದಿದ್ದೆ. ಉಪ್ಪೆಲ್ಲ ಎಲ್ಲಿಗೆ ಹೋಗುತ್ತಿತ್ತೆಂದು ಇವತ್ತು ಗೊತ್ತಾಯಿತು.