ಕ್ಯಾಲಿಪರ್ ಬೆಸೆದ ಹುಡುಗಿ

ನ್ಯಾಮತಿಯಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನ ಪೋಲಿಯೊ ಕಾಲಿಗೆ ಆಸರೆಯಾಗಿ ಪ್ಯಾಂಟಿನ ಮೇಲೆ ಕಟ್ಟಿದ್ದ ಕ್ಯಾಲಿಪರ್‌ನ ಕಬ್ಬಿಣದ ಪಟ್ಟಿ ಮಂಡಿಯ ಹತ್ತಿರ ಪಟ್ಟನೆ ಮುರಿಯಿತು. ಹಿಂದೆಯೇ ಇಳಿಯುತ್ತಿದ್ದ ಹುಡುಗಿ ರಟ್ಟೆ ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದೆ. ಐಟಿಐ ಸಮವಸ್ತ್ರದಲ್ಲಿದ್ದ ಆಕೆ ಬಗ್ಗಿ ಮುರಿದ ಜಾಗವನ್ನೇ ನೋಡಿದಳು.

“ಯಾರ್ರೀ ಸರ್ ಇದನ್ನ ವೆಲ್ಡಿಂಗ್ ಮಾಡಿದ್ದು? ಮೇಲೆ ಮೇಲೆ ಅಂಟಿಸಿ ಕಳಿಸ್ಯಾರೆ! ನಮ್ ಐಟಿಐ ಇಲ್ಲೇ ಐತೆ, ಬರ್ರಿ.”

ಆಟೋದಲ್ಲಿ ಕರೆದೊಯ್ದಳು. ವರ್ಕ್‌ಶಾಪಿನಲ್ಲಿ ಅವಳ ಮೇಷ್ಟ್ರು, “ನೀನೇ ಮಾಡಮ್ಮ” ಎಂದು ಪಕ್ಕಕ್ಕೆ ಸರಿದರು. ನನಗಿರುವುದು ಅದೊಂದೇ ಕ್ಯಾಲಿಪರ್. ಅದಕ್ಕೆ ಜೋಡಿಸಿದ್ದ ಶೂ ಸಮೇತ ಬಿಚ್ಚಿ ಕೊಟ್ಟು, ಬೆಂಚಿನ ಮೇಲೆ ಒಂಟಿ ಶೂನಲ್ಲಿ ಕೂತು ನೋಡುತ್ತಿದ್ದೆ. ಅವಳು ಬೆಸೆದಳು, ಗ್ರೈಂಡರ್ ಹಿಡಿದು ನುಣುಪು ಮಾಡಿದಳು. ತಣ್ಣಗಾದ ಮೇಲೆ, ಪ್ಯಾಂಟು ಹರಿಯದಿರಲೆಂದು ಬೆರಳಾಡಿಸಿ ನೋಡಿದಳು.

“ನಡೀರಿ ಸರ್, ನೋಡಾಣ.”

ಕ್ಯಾಲಿಪರ್ ಕಟ್ಟಿಕೊಂಡು ವರ್ಕ್‌ಶಾಪಿನ ಆ ತುದಿಗೆ ಹೋಗಿ ಬಂದೆ. ಅವಳ ಸಹಪಾಠಿಗಳು ಸುತ್ತುವರಿದು, ಬೆಸುಗೆ ಇನ್ನೂ ಅಗಲ ಬೇಕಿತ್ತು, ಬೇಡವಾಗಿತ್ತು ಎಂದು ವಾದಕ್ಕಿಳಿದರು. ಮೇಷ್ಟ್ರು ಬಗ್ಗಿ ನೋಡಿ “ಗಟ್ಟಿ ಐತೆ” ಎಂದಾಗ ಅವಳ ಮುಖ ಅರಳಿತು.

ಚಿಕ್ಕಂದಿನಿಂದ ನನ್ನ ಕಾಲು ಕಂಡು ‘ಅಯ್ಯೋ ಪಾಪ’ ಎಂದವರೇ ಹೆಚ್ಚು. ಅವತ್ತು ಅಲ್ಲಿ ಒಬ್ಬರೂ ಮರುಗಲಿಲ್ಲ. ಎಲ್ಲರ ಕಣ್ಣೂ ಬೆಸುಗೆಯ ಮೇಲೆಯೇ ಇತ್ತು. ಅಷ್ಟು ಹಗುರಾಗಿ ನಾನು ಯಾವತ್ತೂ ನಡೆದಿರಲಿಲ್ಲ.